ಜೈಲಿನಿಂದ ಬಂದ ತಮ್ಮನಿಗೆ ‘ಸಿಬಿಟಿ’ ಕ್ಲಾಸ್: ಬರೀ ಬುದ್ಧಿಮಾತಾ, ಉಪಯೋಗ ಇದೆಯಾ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮನಿಗೆ 23 ವರ್ಷ, ಪಿಕಪ್ ಓಡಿಸುತ್ತಾನೆ. ಕಳೆದ ಸಲ ಕಾಫಿ ಕುಯ್ಲಿನ ಸಮಯದಲ್ಲಿ ಬಾಡಿಗೆ ಹಣದ ವಿಷಯಕ್ಕೆ ಜಗಳವಾಗಿ ಒಬ್ಬರ ತಲೆಗೆ ದೊಣ್ಣೆಯಿಂದ ಹೊಡೆದ. ಅವರಿಗೆ ಹೊಲಿಗೆ ಹಾಕಬೇಕಾಯಿತು. ಇವನು ನಾಲ್ಕು ತಿಂಗಳು ಹಾಸನದ ಜೈಲಿನಲ್ಲಿದ್ದು ಈಗ ಜಾಮೀನಿನ ಮೇಲೆ ಬಂದಿದ್ದಾನೆ. ಕೇಸು ನಡೆಯುತ್ತಿದೆ. ಒಳಗಿದ್ದಾಗ ಕೌನ್ಸೆಲರ್ ಒಬ್ಬರು ವಾರಕ್ಕೊಮ್ಮೆ ಬಂದು ಸಿಬಿಟಿ ಅಂತ ಕ್ಲಾಸ್ ಮಾಡುತ್ತಿದ್ದರಂತೆ. ಆರು ಕ್ಲಾಸಿಗೆ ಹೋಗಿದ್ದಾನೆ. ಹೊರಗೆ ಹೋದ ಮೇಲೂ ಮುಂದುವರಿಸು ಅಂದಿದ್ದಾರಂತೆ. ‘ಬುದ್ಧಿ ಹೇಳಿಸಿಕೊಂಡು ಯಾರು ಸರಿಯಾಗಿದ್ದಾರೆ’ ಅಂತಾರೆ ನಮ್ಮಪ್ಪ. ಇದು ನಿಜವಾಗಿ ಕೆಲಸ ಮಾಡುತ್ತಾ? ಅಲ್ಲಿ ಬಾಯಿಬಿಟ್ಟಿದ್ದು ಕೋರ್ಟಿನಲ್ಲಿ ಅವನಿಗೇ ಮುಳುವಾಗುತ್ತಾ? ಮನೆಯವರು ನಾವೇನು ಮಾಡಬೇಕು?

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಬುದ್ಧಿ ಹೇಳಿಸಿಕೊಂಡು ಸರಿಯಾದವರನ್ನು ನಾನೂ ಜಾಸ್ತಿ ನೋಡಿಲ್ಲ. ನಿಮ್ಮ ತಮ್ಮನಿಗೆ ಇಷ್ಟು ವರ್ಷದಲ್ಲಿ ಎಷ್ಟು ಜನ ಬುದ್ಧಿ ಹೇಳಿರಬಹುದು, ಯೋಚಿಸಿ. ಮೇಷ್ಟ್ರು, ಮಾವಂದಿರು, ಪೊಲೀಸರು, ಈಗ ನೀವು. ಹೊಡೆಯಬಾರದು ಅನ್ನುವುದು ದೊಣ್ಣೆ ಎತ್ತುವ ಮೊದಲೂ ಅವನಿಗೆ ಗೊತ್ತಿತ್ತು, ಕೆಳಗಿಟ್ಟ ಮೇಲೂ ಗೊತ್ತಿತ್ತು. ನಡುವಿನ ಅರ್ಧ ನಿಮಿಷದಲ್ಲಿ ಮಾತ್ರ ಅದು ಒದಗಲಿಲ್ಲ. ಸಿಬಿಟಿ ಕೆಲಸ ಮಾಡುವುದು ಆ ಅರ್ಧ ನಿಮಿಷದ ಮೇಲೆ. ಅದು ಬುದ್ಧಿಮಾತಲ್ಲ, ರೂಢಿ ಮಾಡಿಸುವುದು.

ತಮ್ಮ ಡ್ರೈವರ್ ಅಲ್ವಾ, ಅವನಿಗೆ ಅವನ ಭಾಷೆಯಲ್ಲೇ ಹೇಳಬಹುದು. ಶಿರಾಡಿ ಘಾಟಿ ಇಳಿಯುವಾಗ ಬರೀ ಬ್ರೇಕ್ ತುಳಿಯಬಾರದು, ಗೇರ್ ಇಳಿಸಬೇಕು ಅನ್ನುವುದನ್ನು ಅವನು ಭಾಷಣ ಕೇಳಿ ಕಲಿಯಲಿಲ್ಲ. ಗೊತ್ತಿದ್ದವರು ಪಕ್ಕದಲ್ಲಿ ಕೂತು ಮೊದಲು ಸಪಾಟು ರಸ್ತೆಯಲ್ಲಿ ಮಾಡಿಸಿದರು, ಆಮೇಲೆ ಸಣ್ಣ ಇಳಿಜಾರಿನಲ್ಲಿ, ಆಮೇಲೆ ಘಾಟಿಯಲ್ಲಿ. ಈಗ ಮಳೆಗಾಲದ ರಾತ್ರಿಯಲ್ಲೂ ಕೈ ತಾನಾಗೇ ಗೇರಿಗೆ ಹೋಗುತ್ತದೆ. ಸಿಟ್ಟಿಗೂ ಅದೇ ದಾರಿ. ಸಿಟ್ಟು ಇಲ್ಲದಾಗ ಕಲಿಯಬೇಕು, ಸಣ್ಣ ಸಿಟ್ಟಿನಲ್ಲಿ ಪಳಗಬೇಕು. ಆಗ ದೊಡ್ಡದು ಬಂದಾಗ ಕೈಗೆ ಸಿಗುತ್ತದೆ.

ಸಿಬಿಟಿ ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಇದರ ಬೇರು 1960ರ ದಶಕದಲ್ಲಿದೆ. ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳನ್ನು ನೋಡುತ್ತಾ ಒಂದು ವಿಷಯ ಗಮನಿಸಿದರು. ನಡೆದದ್ದಕ್ಕೂ ನಮ್ಮ ನೋವಿಗೂ ನಡುವೆ ಒಂದು ಸಣ್ಣ ಮಾತು ತಲೆಯಲ್ಲಿ ಮಿಂಚಿ ಹೋಗುತ್ತದೆ. ಅದು ಎಷ್ಟು ಬೇಗ ಹೋಗುತ್ತದೆ ಅಂದರೆ, ಬಂದದ್ದೇ ನಮಗೆ ಗೊತ್ತಾಗುವುದಿಲ್ಲ. ಸಿಟ್ಟಿನಲ್ಲೂ ಹಾಗೇ. ಸಂತೆಯಲ್ಲಿ ನೀವು ಹಾದುಹೋಗುವಾಗ ಇಬ್ಬರು ನಕ್ಕರು ಅಂದುಕೊಳ್ಳಿ. ನಗುವಿನಿಂದ ಯಾರಿಗೂ ಮೈ ಉರಿಯುವುದಿಲ್ಲ. ‘ನನ್ನನ್ನೇ ನೋಡಿ ನಕ್ಕ’ ಅನ್ನುವ ಮಾತು ತಲೆಯಲ್ಲಿ ಬಂತಲ್ಲ, ಉರಿ ಹತ್ತುವುದು ಅಲ್ಲಿಂದ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಸುಮ್ನೆ ಬಿಟ್ಟರೆ ನಾಳೆ ತಲೆ ಮೇಲೆ ಕೂರುತ್ತಾನೆ.’ ಇಷ್ಟು ಹೊತ್ತಿಗೆ ಮುಷ್ಟಿ ಬಿಗಿದಿರುತ್ತದೆ. ನಾನು ಮಾತಾಡಿಸಿದ ಹೊಡೆದಾಟದ ಕೇಸಿನ ಹುಡುಗರಲ್ಲಿ ಹೆಚ್ಚಿನವರ ಕಥೆ ಈ ಎರಡು ಮಾತಿನಲ್ಲಿ ಮುಗಿಯುತ್ತದೆ. ಹಣ, ಬೇಲಿ, ಬೈಕು ಎಲ್ಲ ನೆಪ. ಒಳಗೆ ಕೂತಿರುವುದು ಮರ್ಯಾದೆಯ ಪ್ರಶ್ನೆ.

ಕ್ಲಾಸಿನಲ್ಲಿ ಏನು ನಡೆಯುತ್ತದೆ ಅಂತ ನಿಮ್ಮ ತಮ್ಮ ಸರಿಯಾಗಿ ಹೇಳಿರಲಿಕ್ಕಿಲ್ಲ. ಜೈಲಿನಲ್ಲಿ ನಾನೂ ಇಂಥ ಕ್ಲಾಸ್ ನಡೆಸುತ್ತೇನೆ, ಅದರ ಒಂದು ದಿನದ್ದನ್ನು ಹೇಳುತ್ತೇನೆ.

ಹತ್ತು ಹನ್ನೆರಡು ಹುಡುಗರಿದ್ದರು. ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದೆ. ಪ್ರತಿ ಜೋಡಿಯಲ್ಲಿ ಒಬ್ಬನ ಕೈಗೆ ಒಂದು ಸಣ್ಣ ಆಲೂಗಡ್ಡೆ ಕೊಟ್ಟು ಮುಷ್ಟಿ ಬಿಗಿಯಲು ಹೇಳಿದೆ. ಇನ್ನೊಬ್ಬನಿಗೆ, ‘ನಿನಗೆ 30 ಸೆಕೆಂಡು ಟೈಮು. ಆ ಆಲೂಗಡ್ಡೆ ತಗೋಬೇಕು’ ಅಂದೆ. ಶುರು ಅನ್ನುವುದೇ ತಡ, ಬೆರಳು ತಿರುಚುವುದು, ಕೈ ಹಿಂದಕ್ಕೆ ಮಡಿಸುವುದು, ಎದೆ ಮೇಲೆ ಹತ್ತಿ ಕೂರುವುದು. ಒಬ್ಬನ ಅಂಗಿಯ ಗುಂಡಿ ಹಾರಿ ನನ್ನ ಕಾಲ ಹತ್ತಿರ ಬಿತ್ತು. ಟೈಮು ಮುಗಿಯಿತು. ಎಲ್ಲರೂ ಏದುಸಿರು ಬಿಡುತ್ತಿದ್ದರು. ಆಗ ಕೇಳಿದೆ, ‘ಕೊಡ್ತೀಯಾ ಅಂತ ಯಾರಾದ್ರೂ ಕೇಳಿದ್ರಾ?’ ಒಬ್ಬರೂ ಕೇಳಿರಲಿಲ್ಲ. ಮುಷ್ಟಿ ಬಿಗಿದಿದ್ದವನನ್ನು ಕೇಳಿದೆ, ‘ಕೇಳಿದ್ರೆ ಕೊಡ್ತಿದ್ದೆಯಾ?’ ಅವನು ಕೈ ಬಿಚ್ಚಿ ನೋಡಿಕೊಂಡು, ‘ಕೊಡ್ತಿದ್ದೆ ಮೇಡಂ, ಆಲೂಗಡ್ಡೆ ತಾನೇ’ ಅಂದ. ಅವನ ಜೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಕೇಳಿದ್ರೆ ನನ್ನ ಪುಕ್ಕಲ ಅಂದ್ಕೋತಾನೆ ಅನ್ನಿಸ್ತು.’

ಆ ದಿನದ ಪಾಠ ಆ ಒಂದು ಮಾತೇ. ಅದನ್ನು ಬೋರ್ಡಿನ ಮೇಲೆ ಬರೆದೆವು. ಉಳಿದ ಮುಕ್ಕಾಲು ಗಂಟೆ ಅದರ ಬಗ್ಗೆಯೇ ಮಾತಾಡಿದೆವು. ಈ ಆಟ ನನ್ನದಲ್ಲ. ಶಿಕಾಗೊ ನಗರದ ಶಾಲಾ ಹುಡುಗರಿಗಾಗಿ ನಡೆಯುವ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮದಲ್ಲಿ ಇದನ್ನು ಚೆಂಡು ಕೊಟ್ಟು ಆಡಿಸುತ್ತಾರೆ. ಹಾಸನದಲ್ಲಿ ನಮಗೆ ಆಲೂಗಡ್ಡೆಗೆ ಬರವಿಲ್ಲವಲ್ಲ, ಅದನ್ನೇ ತಂದೆ. ಚೀಟಿ ಹಾಕಿ ಆಯ್ಕೆ ಮಾಡಿದ ಹುಡುಗರನ್ನು ಆ ಕಾರ್ಯಕ್ರಮಕ್ಕೆ ಸೇರಿಸಿ, ಸೇರದವರ ಜೊತೆ ಹೋಲಿಸಿ ಅಲ್ಲಿ ಲೆಕ್ಕ ನೋಡಿದ್ದಾರೆ. ಕಾರ್ಯಕ್ರಮ ನಡೆಯುತ್ತಿದ್ದಷ್ಟು ಕಾಲ ಹಿಂಸೆಯ ಕೇಸಿನಲ್ಲಿ ಬಂಧನವಾಗುವುದು ಶೇ 45ರಿಂದ 50ರಷ್ಟು ಕಡಿಮೆಯಾಗಿತ್ತು. ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನನಗೆ ಇಷ್ಟವಾಗಿದ್ದು ಏನೆಂದರೆ, ಆ ಹುಡುಗರಿಗೆ ‘ಯಾವತ್ತೂ ಜಗಳ ಆಡಬೇಡ’ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಅವರು ಬೆಳೆಯುವ ಬೀದಿಯಲ್ಲಿ ಕೆಲವು ಸಲ ಎದುರು ನಿಲ್ಲಲೇಬೇಕು ಅಂತ ಕಲಿಸುವವರಿಗೂ ಗೊತ್ತು. ಒಂದು ಕ್ಷಣ ತಡೆದು, ‘ಇಲ್ಲಿ ನಿಜವಾಗಿ ಏನು ನಡೀತಿದೆ’ ಅಂತ ನೋಡು ಅನ್ನುವುದಷ್ಟೇ ಕಲಿಸುವುದು. ನಮ್ಮ ಹುಡುಗರಿಗೂ ಇದು ಬೇಗ ಹಿಡಿಸುತ್ತದೆ, ಯಾಕೆಂದರೆ ಇದರಲ್ಲಿ ಅವಮಾನ ಇಲ್ಲ.

ಇನ್ನು ‘ನಿಜವಾಗಿ ಕೆಲಸ ಮಾಡುತ್ತಾ’ ಅನ್ನುವುದಕ್ಕೆ ಬರೋಣ. ನಿಮ್ಮ ಅಪ್ಪನ ಹಾಗೆ ಯೋಚಿಸಿದವರು ತಜ್ಞರಲ್ಲೂ ಇದ್ದರು. 1974ರಲ್ಲಿ ರಾಬರ್ಟ್ ಮಾರ್ಟಿನ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 231 ಅಧ್ಯಯನಗಳನ್ನು ಪರಿಶೀಲಿಸಿದ್ದರ ಮೇಲೆ ಒಂದು ಲೇಖನ ಬರೆದರು. ಕೈದಿಗಳನ್ನು ಸುಧಾರಿಸುವ ಯಾವ ಕಾರ್ಯಕ್ರಮವೂ ಅಂಥ ಫಲ ಕೊಡುತ್ತಿಲ್ಲ ಅನ್ನುವ ಅರ್ಥದ ಲೇಖನ ಅದು. ‘ಯಾವುದರಿಂದಲೂ ಏನೂ ಆಗಲ್ಲ’ ಅನ್ನುವುದೇ ಆಗ ನಾಣ್ನುಡಿಯಾಯಿತು. ಐದು ವರ್ಷದ ಮೇಲೆ, 1979ರಲ್ಲಿ, ಅವರೇ ಆ ಅಭಿಪ್ರಾಯ ತಿದ್ದಿಕೊಂಡರು. ಆದರೆ ಮೊದಲ ಮಾತು ಓಡಿದಷ್ಟು ದೂರ ಎರಡನೆಯದು ಓಡಲಿಲ್ಲ. 1980ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ರಾಸ್, ಎಲಿಜಬೆತ್ ಫ್ಯಾಬಿಯಾನೊ ಅನ್ನುವವರು ಯೋಚನೆಯ ರೀತಿಯನ್ನೇ ಕಲಿಸುವ ಪಾಠಕ್ರಮ ಮಾಡಿದರು. ಆಮೇಲೆ ಅಂಥವು ಹಲವು ಬಂದವು.

2005ರಲ್ಲಿ ನಾನಾ ಲ್ಯಾಂಡೆನ್‌ಬರ್ಗರ್ ಮತ್ತು ಮಾರ್ಕ್ ಲಿಪ್ಸಿ ಇಂಥ 58 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಲೆಕ್ಕವನ್ನು ಸರಳವಾಗಿ ಹೇಳುವುದಾದರೆ, ಕಾರ್ಯಕ್ರಮಕ್ಕೆ ಸೇರದವರಲ್ಲಿ 100ಕ್ಕೆ 40 ಜನ ಮತ್ತೆ ತಪ್ಪು ಮಾಡಿದರೆ, ಸೇರಿದವರಲ್ಲಿ 30 ಜನ. ಅಂದರೆ 30 ಜನ ಸೇರಿಯೂ ಮತ್ತೆ ತಪ್ಪು ಮಾಡಿದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಉಳಿದ ಆ ಹತ್ತು ಜನ ಅಂದರೆ ಹತ್ತು ಮನೆ. ಅವರಿಂದ ಪೆಟ್ಟು ತಿನ್ನಬೇಕಾಗಿದ್ದವರ ಮನೆಗಳು ಬೇರೆ. ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಯಾವ ಕಂಪನಿಯ, ಯಾವ ಹೆಸರಿನ ಪಾಠಕ್ರಮ ಅನ್ನುವುದು ಅಷ್ಟು ಮುಖ್ಯ ಅಲ್ಲ. ಕಲಿಸುವವರಿಗೆ ತರಬೇತಿ ಇದೆಯಾ, ಸೇರಿದವರು ಕೊನೆಯವರೆಗೆ ಬಂದರಾ ಅನ್ನುವುದರ ಮೇಲೆ ಫಲ ನಿಂತಿದೆ. ಸಿಟ್ಟು ಹಿಡಿಯುವುದನ್ನೂ ಜನರ ನಡುವಿನ ತೊಡಕು ಬಿಡಿಸುವುದನ್ನೂ ಕಲಿಸಿದ ಕಡೆ ಫಲ ಜಾಸ್ತಿ. ಮತ್ತೆ ತಪ್ಪು ಮಾಡುವ ಸಾಧ್ಯತೆ ಹೆಚ್ಚಿರುವವರಿಗೇ ಇದರಿಂದ ಲಾಭವೂ ಹೆಚ್ಚು. ‘ಇವನು ಉದ್ಧಾರ ಆಗಲ್ಲ’ ಅಂತ ಊರವರು ಕೈಬಿಟ್ಟಿರುತ್ತಾರಲ್ಲ, ಅವನನ್ನೇ ಮೊದಲು ಕರೆಯಬೇಕು.

ಸಿಬಿಟಿ ಅಂತ ಹೆಸರಿಟ್ಟ ಎಲ್ಲವೂ ಒಳ್ಳೆಯದಲ್ಲ ಅನ್ನುವುದನ್ನೂ ಹೇಳಬೇಕು. ಇಂಗ್ಲೆಂಡಿನ ಜೈಲುಗಳಲ್ಲಿ ಲೈಂಗಿಕ ಅಪರಾಧಿಗಳಿಗಾಗಿ ವರ್ಷಗಟ್ಟಲೆ ನಡೆದ ಒಂದು ಕಾರ್ಯಕ್ರಮವನ್ನು 2017ರಲ್ಲಿ ಅಲ್ಲಿನ ಸರ್ಕಾರವೇ ತೂಗಿ ನೋಡಿತು. ಸೇರಿದವರಲ್ಲಿ ಶೇ 10ರಷ್ಟು ಜನ ಮತ್ತೆ ಅಂಥದೇ ಅಪರಾಧ ಮಾಡಿದ್ದರು, ಸೇರದವರಲ್ಲಿ ಶೇ 8. ಆ ಕಾರ್ಯಕ್ರಮವನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಸರಿ ಅಂತ ನನ್ನ ಅಭಿಪ್ರಾಯ. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿ, ಒಳಗೆ ಮಾಡಿದ್ದನ್ನು ಹೊರಗಿನ ಬದುಕಿಗೆ ಜೋಡಿಸದೆ ಬಿಟ್ಟರೆ ಕಷ್ಟ.

ಈ ಜೋಡಿಸುವ ವಿಷಯದಲ್ಲಿ ನಾನೂ ಪೆಟ್ಟು ತಿಂದು ಕಲಿತವಳು. ಕೆಲವು ವರ್ಷದ ಹಿಂದೆ ನನ್ನ ಗುಂಪಿನಲ್ಲಿ ಅರಸೀಕೆರೆ ಕಡೆಯ ಒಬ್ಬ ಹುಡುಗ ಇದ್ದ. ಎಲ್ಲರಿಗಿಂತ ಚುರುಕು. ತನ್ನ ತಲೆಯಲ್ಲಿ ಬರುವ ಮಾತನ್ನು ತಾನೇ ಹಿಡಿದು ಹೇಳುತ್ತಿದ್ದ, ಬೇರೆಯವರಿಗೂ ಹಿಡಿದು ಕೊಡುತ್ತಿದ್ದ. ಅವನು ಗೆದ್ದ ಅಂದುಕೊಂಡೆ. ಬಿಡುಗಡೆಯಾಗಿ ಹೋದ ಮೇಲೆ ಹಳೆಯ ಕೆಲಸದ ಕಡೆ ಒಳಗೆ ಸೇರಿಸಲಿಲ್ಲ. ಮನೆಯಲ್ಲಿ ದಿನಾ ಬೆಳಿಗ್ಗೆ ಅದೇ ಮಾತು. ಸಂಜೆ ಮಾತಾಡಿಸುತ್ತಿದ್ದವರು ಹಳೆಯ ಗೆಳೆಯರು ಮಾತ್ರ. ಎರಡು ತಿಂಗಳಲ್ಲಿ ವಾಪಸ್ ಒಳಗೆ ಬಂದ. ನನ್ನನ್ನು ನೋಡಿ, ‘ಮೇಡಂ, ನೀವು ಹೇಳಿಕೊಟ್ಟಿದ್ದು ನೆನಪಿತ್ತು. ಆದ್ರೆ ತಡ್ಕೊಂಡು ಏನು ಮಾಡ್ಲಿ ಅಂತ ಗೊತ್ತಾಗ್ಲಿಲ್ಲ’ ಅಂದ. ಅವನು ಹೊರಗೆ ಕಾಲಿಟ್ಟ ಮೊದಲ ವಾರ ನಾನು ಒಂದು ಫೋನ್ ಕೂಡ ಮಾಡಿರಲಿಲ್ಲ. ಅದು ನನ್ನ ತಪ್ಪು. ಆವತ್ತಿನಿಂದ ಬಿಡುಗಡೆಯ ಆಮೇಲಿನ ಮೂರು ತಿಂಗಳನ್ನು ನಾನು ಕ್ಲಾಸಿನ ಭಾಗ ಅಂತಲೇ ಲೆಕ್ಕ ಹಾಕುತ್ತೇನೆ.

ದೊಡ್ಡ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಲೈಬೀರಿಯಾ ದೇಶದ ಮನ್ರೋವಿಯಾ ನಗರದಲ್ಲಿ ಕಳ್ಳತನ, ಹೊಡೆದಾಟದಲ್ಲಿದ್ದ 999 ಗಂಡಸರ ಜೊತೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಎಂಟು ವಾರದ ಸಿಬಿಟಿ, ಕೆಲವರಿಗೆ 200 ಡಾಲರ್ ಹಣ, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ಬರೀ ಹಣದ ಫಲ ಬೇಗ ಕರಗಿತು. ಬರೀ ಕ್ಲಾಸಿನದೂ ಬರಬರುತ್ತಾ ತಗ್ಗಿತು. ಎರಡೂ ಸಿಕ್ಕವರಲ್ಲಿ ಮಾತ್ರ ಹತ್ತು ವರ್ಷದ ಮೇಲೂ ಬದಲಾವಣೆ ಗಟ್ಟಿಯಾಗಿ ಉಳಿದಿತ್ತು. ಹಣ ಸಿಕ್ಕಿದ್ದರಿಂದ ಸಣ್ಣ ವ್ಯಾಪಾರ ಮಾಡಿ, ಹೊಸ ಮನುಷ್ಯನಾಗಿ ಬದುಕಿ ನೋಡಲು ಅವರಿಗೆ ಸ್ವಲ್ಪ ಕಾಲಾವಕಾಶ ಸಿಕ್ಕಿತು ಅಂತ ಸಂಶೋಧಕರು ಅಂದಾಜಿಸುತ್ತಾರೆ. ನಿಮ್ಮ ತಮ್ಮನಿಗೆ ಆ ಕಾಲಾವಕಾಶ ಅಂದರೆ ಪಿಕಪ್‌ನ ಸ್ಟೇರಿಂಗ್. ಅವನಿಗೆ ಬಾಡಿಗೆ ಸಿಗುವ ಹಾಗೆ ಮಾಡುವುದು ಕ್ಲಾಸಿನಷ್ಟೇ ಮುಖ್ಯ.

ಕೋರ್ಟಿನ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಹೊರದೇಶದ ಪಾಠಕ್ರಮಗಳು ಬಹುಪಾಲು ಶಿಕ್ಷೆಯಾದವರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನಮ್ಮಲ್ಲಿ ಲೆಕ್ಕ ತಿರುಗುಮುರುಗು. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿಯ ಪ್ರಕಾರ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ನಿಮ್ಮ ತಮ್ಮನೂ ಕಾನೂನಿನ ಕಣ್ಣಿನಲ್ಲಿ ಇನ್ನೂ ಆರೋಪಿ ಮಾತ್ರ. ಆದ್ದರಿಂದ ‘ನೀನು ಮಾಡಿದ ತಪ್ಪು ಒಪ್ಪಿಕೋ’ ಅಂತ ಯಾವ ಕೌನ್ಸೆಲರ್ ಕೂಡ ಅವನನ್ನು ಒತ್ತಾಯಿಸಬಾರದು. ನಾನು ಮೊದಲ ದಿನವೇ ಹೇಳಿಬಿಡುತ್ತೇನೆ: ಕೇಸಿನ ವಿಷಯ ಇಲ್ಲಿ ಬೇಡ, ನಿನ್ನೆ ಮೊನ್ನೆ ನಡೆದದ್ದು ಹೇಳಿ. ಊಟದ ಸಾಲಿನಲ್ಲಿ ಯಾರೋ ತಳ್ಳಿದ್ದು, ಭೇಟಿಗೆ ಮನೆಯವರು ಬರದಿದ್ದದ್ದು, ಅಷ್ಟು ಸಾಕು. ಕಲಿಯುವುದಕ್ಕೆ ಸಣ್ಣ ಘಟನೆಯೇ ಒಳ್ಳೆಯದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವ ಹಕ್ಕು ಇದೆ. ಆದರೆ ಅದಕ್ಕೆ ವಿನಾಯಿತಿಗಳೂ ಇವೆ, ನ್ಯಾಯಾಲಯದ ಆದೇಶ ಅವುಗಳಲ್ಲಿ ಒಂದು. ಗುಂಪಿನಲ್ಲಿ ಕೂತ ಇತರರಿಗಂತೂ ಬಾಯಿ ಕಟ್ಟಲು ಆಗುವುದಿಲ್ಲ. ಹಾಗಾಗಿ ಕೇಸಿನ ವಿವರ ವಕೀಲರ ಹತ್ತಿರ, ಸಿಟ್ಟಿನ ವಿವರ ನಮ್ಮ ಹತ್ತಿರ. ಮುಂದೆ ಶಿಕ್ಷೆಯ ಪ್ರಶ್ನೆ ಬಂದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಪ್ರೊಬೇಷನ್, ಅಂದರೆ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವುದು, ಕೇಳಬಹುದಾ ಅಂತ ಅವರನ್ನೇ ವಿಚಾರಿಸಿ. ಅವನು ನಿಯತ್ತಾಗಿ ಕ್ಲಾಸಿಗೆ ಹೋಗಿದ್ದು ಅಲ್ಲಿ ಒಂದು ಮಾತಿಗೆ ಬರಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ವಕೀಲರ ಖರ್ಚು ಭಾರವಾಗಿದ್ದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಇದರ ಜೊತೆಗೇ ಒಂದು ಎಚ್ಚರಿಕೆ. ಪೆಟ್ಟು ತಿಂದವರ ಮನೆಗೆ ತಮ್ಮನನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿಸೋಣ ಅಂತ ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಜಾಮೀನಿನ ಮೇಲಿರುವವನು ದೂರುದಾರರ ಬಾಗಿಲಿಗೆ ಹೋದರೆ ಸಾಕ್ಷಿ ಮೇಲೆ ಒತ್ತಡ ಹಾಕಿದ ಹಾಗೆ ಕಾಣಬಹುದು. ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ನೀವು ಬರೆಯದೇ ಬಿಟ್ಟ ಒಂದು ವಿಷಯ ನಾನೇ ಕೇಳುತ್ತೇನೆ. ಅವನು ಕುಡಿಯುತ್ತಾನಾ? ಆವತ್ತು ಕುಡಿದಿದ್ದನಾ? ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ 5,024 ಕೈದಿಗಳನ್ನು ನಿಮ್ಹಾನ್ಸ್ ತಂಡ ಪರೀಕ್ಷಿಸಿದಾಗ ಶೇ 79.6ರಷ್ಟು ಜನರಲ್ಲಿ ಮಾನಸಿಕ ಕಾಯಿಲೆ ಅಥವಾ ಅಮಲಿನ ತೊಂದರೆ ಕಂಡಿತ್ತು. ಅಮಲನ್ನು ಬಿಟ್ಟು ಎಣಿಸಿದರೆ ಅದು ಶೇ 27.6. ಎರಡರ ನಡುವಿನ ಅಂತರ ನೋಡಿ. ಕ್ವಾರ್ಟರ್ ಇಳಿದ ಮೇಲೆ ಯಾವ ಅಭ್ಯಾಸವೂ ಕೈಗೆ ಸಿಗುವುದಿಲ್ಲ. ದಿನಾ ಕುಡಿಯುವವನಾದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಒಮ್ಮೆಲೇ ಬಿಡಿಸಲು ಮನೆಯಲ್ಲಿ ಕೂಡಿಹಾಕಬೇಡಿ. ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಹಾಗೆಯೇ ನಿದ್ದೆ ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಅನ್ನುವ ಮಾತು ಬಂದರೆ ಕ್ಲಾಸಿಗೆ ಕಾಯಬೇಡಿ. ಅವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮುಂದುವರಿಸುವುದು ಎಲ್ಲಿ ಅಂತೀರಾ? ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನಶ್ಶಾಸ್ತ್ರಜ್ಞರನ್ನು ಕೇಳಿ. ಸಿಬಿಟಿ ಆರು ಕ್ಲಾಸ್ ಆಗಿದೆ, ಉಳಿದದ್ದು ಬೇಕು ಅಂತ ನೇರವಾಗಿ ಹೇಳಿ. ‘ಸಿಟ್ಟು ಜಾಸ್ತಿ’ ಅಂತ ಮಾತ್ರ ಹೇಳಿದರೆ ಮಾತ್ರೆ ಬರೆದು ಕಳಿಸಿಬಿಡಬಹುದು. ಜೈಲಿಗೆ ಬರುತ್ತಿದ್ದ ಕೌನ್ಸೆಲರ್ ಅವರ ನಂಬರ್ ಇದ್ದರೆ ಮೊದಲ ಫೋನ್ ಅವರಿಗೇ ಮಾಡಿ. ಪರಿಚಯ ಇದ್ದವರ ಹತ್ತಿರ ಈ ಕೆಲಸ ಬೇಗ ಸಾಗುತ್ತದೆ.

ಇನ್ನು ಮನೆ. ಅವನಿಗೆ ಒಂದು ಸಣ್ಣ ನೋಟ್‌ಬುಕ್ ಕೊಡಿಸಿ, ಪಿಕಪ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳುವಷ್ಟು. ಸಿಟ್ಟು ಬಂದ ದಿನ ನಾಲ್ಕು ಸಾಲು ಸಾಕು: ಏನಾಯ್ತು, ತಲೆಯಲ್ಲಿ ಏನು ಬಂತು, ಮೈಯಲ್ಲಿ ಏನಾಯ್ತು, ನಾನೇನು ಮಾಡಿದೆ. ನನ್ನ ಹತ್ತಿರ ಬಂದ ಒಬ್ಬನ ಪುಟ ಹೀಗಿತ್ತು: ‘ಓನರ್ ಬಾಡಿಗೆ 500 ಕಮ್ಮಿ ಕೊಟ್ಟ. ಬೇಕಂತಲೇ ಮಾಡಿದ ಅನ್ನಿಸ್ತು. ಕಿವಿ ಬಿಸಿ ಆಯ್ತು. ಟೈರಿಗೆ ಒದ್ದು ಟೀ ಕುಡಿದು ಬಂದು ಕೇಳಿದೆ. ಚಿಲ್ಲರೆ ಇರಲಿಲ್ವಂತೆ.’ ಈ ಪುಟ ಓದಿದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅವನ ಅನುಮತಿ ಪಡೆದು ಮುಂದಿನ ಗುಂಪಿಗೆ ಓದಿ ಹೇಳಿದೆ. ಕಿವಿ ಬಿಸಿಯಾಗಿದ್ದು ಅವನಿಗೆ ಗೊತ್ತಾಯಿತಲ್ಲ, ಅವನ ಬ್ರೇಕ್ ಅದೇ. ಕೆಲವರಿಗೆ ಕಿವಿ, ಕೆಲವರಿಗೆ ದವಡೆ, ಕೆಲವರಿಗೆ ಹೊಟ್ಟೆ. ನಿಮ್ಮ ತಮ್ಮನದು ಯಾವುದು ಅಂತ ಅವನೇ ಪತ್ತೆ ಮಾಡಬೇಕು.

ಮನೆಯಲ್ಲಿ ಜಗಳದ ಮಾತು ಬಂದಾಗ ‘ಜೈಲಿಗೆ ಹೋಗಿ ಬಂದವನು’ ಅನ್ನುವುದನ್ನು ಎಳೆದು ತರಬೇಡಿ ಅಂತ ಅಪ್ಪನಿಗೆ ನೀವೇ ಹೇಳಬೇಕಾಗುತ್ತದೆ. ಹೇಳುವುದು ಸುಲಭ ಅಲ್ಲ ಅಂತ ಗೊತ್ತು. ಅವರಿಗೂ ಮಗನ ಚಿಂತೆಯೇ, ಅದು ಬೈಗುಳವಾಗಿ ಹೊರಗೆ ಬರುತ್ತಿದೆ ಅಷ್ಟೇ. ಅವನು ಒಂದು ಸಲ ತಡೆದುಕೊಂಡಿದ್ದು ಕಂಡರೆ ಆಗಲೇ ಹೇಳಿ, ಒಂದೇ ಮಾತಿನಲ್ಲಿ: ‘ಆವಾಗ ಸುಮ್ನಿದ್ದೆಯಲ್ಲ, ನೋಡಿದೆ.’ ಮುಂದಕ್ಕೆ ಎಳೆಯಬೇಡಿ. ಸಂಜೆ ಆರರಿಂದ ಒಂಬತ್ತರವರೆಗೆ ಅವನು ಎಲ್ಲಿರುತ್ತಾನೆ, ಯಾರ ಜೊತೆ ಅನ್ನುವುದು ಮುಖ್ಯ. ಆ ಹೊತ್ತಿಗೆ ಒಂದು ಬಾಡಿಗೆ, ವಾಲಿಬಾಲ್, ದನ ಕಟ್ಟುವ ಕೆಲಸ, ಏನಾದರೂ ಇರಲಿ. ಹಳೆಯ ಗೆಳೆಯರನ್ನು ಬಿಡು ಅಂತ ಹೇಳಿದರೆ ಬಿಡುವುದಿಲ್ಲ, ಹೊತ್ತು ತುಂಬಿದರೆ ತಾನಾಗೇ ಕಡಿಮೆಯಾಗುತ್ತದೆ.

ಆ ನೋಟ್‌ಬುಕ್ ಮಾತ್ರ ನೀವು ತೆಗೆದು ನೋಡಬೇಡಿ, ಅವನು ಮಲಗಿದ್ದಾಗ ಕೂಡ. ಅವನಾಗಿ ತಂದು ತೋರಿಸುವ ದಿನ ಬಂದರೆ ಪೂರ್ತಿ ಓದಿ, ಸುಮ್ಮನೆ ವಾಪಸ್ ಕೊಡಿ. ಕಾಗುಣಿತದ ತಪ್ಪು ಕಂಡರೂ ತಿದ್ದಬೇಡಿ.